ಹಸಿರು ದೀಪ ಹತ್ತಿದರೆ ಸಾಲದು: ಎನ್‌ಕ್ರಿಪ್ಟ್ ಆದ ಸಂಚಾರಕ್ಕೆ ನೆಟ್‌ವರ್ಕ್ ಅಡಾಪ್ಟರ್ ಹೊಂದಿಸುವುದು

"ತಮ್ಮಾ, ನೀ ಹೇಳಿದಂಗ ಎಲ್ಲಾ ಮಾಡೇವಿ. ಹಸರ ದೀಪಾನೂ ಹತ್ತ್ಯದ. ಆದ್ರ ಟ್ಯಾಲಿ ಮಾತ್ರ ತೆರೀವಲ್ದು ನೋಡು."

ಕಾಕಾ ಫೋನ್ ಮಾಡಿದಾಗ ರಾತ್ರಿ ಒಂಬತ್ತು ದಾಟಿತ್ತು. ವಿಜಯಪುರದ ಎಪಿಎಂಸಿ ಯಾರ್ಡಿನಲ್ಲಿ ಅವರದು ಮಣೂಕದ, ಅಂದರೆ ಒಣದ್ರಾಕ್ಷಿಯ, ದಲಾಲಿ ಅಂಗಡಿ. ಸರಕು ಅಥಣಿ ರಸ್ತೆಯ ಕೋಲ್ಡ್ ಸ್ಟೋರೇಜಿನಲ್ಲಿ, ಲೆಕ್ಕವೆಲ್ಲ ಅಂಗಡಿಯ ಒಂದೇ ಕಂಪ್ಯೂಟರಿನಲ್ಲಿ, ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿ, ಮನೆ ಸೋಲಾಪುರ ರಸ್ತೆಯಲ್ಲಿ. ಊಟ ಆದ ಮೇಲೆ ಮನೆಯಲ್ಲೇ ಕೂತು ಅಂಗಡಿಯ ಲೆಕ್ಕ ನೋಡಬೇಕು, ಯಾವ ರೈತನ ಪಟ್ಟಿ ಬಾಕಿ ಇದೆ ಎಂದು ತಿಳಿಯಬೇಕು. ಅವರು ಕೇಳಿದ್ದು ಇಷ್ಟೇ.

ಹಳೆಯ ಇಂಟರ್ನೆಟ್ ಇದ್ದಾಗ ಯಾರೋ ಒಬ್ಬರು ಅಂಗಡಿಯ ರೌಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪಿನ, ಅಂದರೆ ದೂರದಿಂದಲೇ ಇನ್ನೊಂದು ಕಂಪ್ಯೂಟರಿನ ಪರದೆ ತೆರೆದು ಕೆಲಸ ಮಾಡುವ ಸೌಲಭ್ಯದ, 3389ನೇ ಪೋರ್ಟನ್ನು (ಸಂಚಾರದ ನಂಬರು ಹಾಕಿದ ಬಾಗಿಲನ್ನು) ನೇರವಾಗಿ ಹೊರಜಗತ್ತಿಗೆ ತೆರೆದಿಟ್ಟು ಹೋಗಿದ್ದರು. ಕೆಲಸವೇನೋ ನಡೆಯುತ್ತಿತ್ತು. ಆದರೆ ಹಾಗೆ ತೆರೆದ ಪೋರ್ಟುಗಳನ್ನು ಹುಡುಕಿ, ಪಾಸ್‌ವರ್ಡ್ ಊಹಿಸುತ್ತಾ ಕೂರುವ ಪ್ರೋಗ್ರಾಮುಗಳು ಇಂಟರ್ನೆಟ್ಟಿನಲ್ಲಿ ಹಗಲೂ ರಾತ್ರಿ ಓಡುತ್ತಿರುತ್ತವೆ. ನೂರಾರು ರೈತರ ಹೆಸರು, ಬ್ಯಾಂಕ್ ಖಾತೆ, ಬರಬೇಕಾದ ಹಣ ಎಲ್ಲ ಆ ಒಂದು ಪಾಸ್‌ವರ್ಡಿನ ಹಿಂದೆ. ಅದು ನೆನಪಾದಾಗೆಲ್ಲ ನನಗೆ ಹೊಟ್ಟೆಯಲ್ಲಿ ಕಲಸಿದಂತಾಗುತ್ತಿತ್ತು. ಅದನ್ನು ಮುಚ್ಚಿಸಿ, ಬದಲಿಗೆ ಎನ್‌ಕ್ರಿಪ್ಟ್ ಆದ, ಅಂದರೆ ಕೀಲಿ ಇಲ್ಲದವರು ಓದಲಾಗದಂಥ, ಸುರಂಗ (ವಿಪಿಎನ್) ಹಾಕಿಕೊಳ್ಳಿ ಎಂದು ನಾನೇ ಗಂಟುಬಿದ್ದಿದ್ದೆ. ಈಗ ಸುರಂಗವೂ ಬಂದಿದೆ, ಅದರ ತಂತ್ರಾಂಶದ ಹಸಿರು ದೀಪವೂ ಹತ್ತಿದೆ, ಕೆಲಸ ಮಾತ್ರ ಆಗುತ್ತಿಲ್ಲ.

ಎನ್‌ಕ್ರಿಪ್ಷನ್ ಅಂದ ಕೂಡಲೇ ನಮ್ಮ ಗಮನವೆಲ್ಲ ಬೀಗದ ಮೇಲೆ ಹೋಗುತ್ತದೆ. ಬೀಗ ಗಟ್ಟಿಯೋ, ಯಾರಾದರೂ ಒಡೆಯಬಹುದೋ ಎಂದು ಕೇಳುತ್ತೇವೆ. ಇವತ್ತು ಬಳಕೆಯಲ್ಲಿರುವ ಒಳ್ಳೆಯ ಬೀಗಗಳು ಗಟ್ಟಿಯಾಗಿಯೇ ಇವೆ. ನಾನು ಕಂಡ ಹಾಗೆ ಕೆಲಸ ಕೆಡುವುದು ದಾರಿಯಲ್ಲಿ. ಯಾವ ಪ್ಯಾಕೆಟ್ (ದತ್ತಾಂಶದ ತುಣುಕು) ಯಾವ ಅಡಾಪ್ಟರಿನಿಂದ (ಕಂಪ್ಯೂಟರನ್ನು ಜಾಲಕ್ಕೆ ಸೇರಿಸುವ ಭಾಗದಿಂದ) ಹೊರಗೆ ಬಿತ್ತು ಎನ್ನುವುದನ್ನು ಯಾರೂ ನೋಡುವುದಿಲ್ಲ. ಬೀಗ ಹಾಕಿದ ಪೆಟ್ಟಿಗೆ ಪಕ್ಕದಲ್ಲೇ ಇರುತ್ತದೆ, ಸರಕು ಬಿಚ್ಚು ಗಾಡಿಯಲ್ಲಿ ಹೋಗಿರುತ್ತದೆ.

ಇಲ್ಲದ ಕಾರ್ಡಿನ ಅಡಾಪ್ಟರ್

ವಿಂಡೋಸ್ ಕಂಟ್ರೋಲ್ ಪ್ಯಾನೆಲಿನಲ್ಲಿ ನೆಟ್‌ವರ್ಕ್ ಕನೆಕ್ಷನ್ಸ್ ತೆರೆದರೆ ಪುಟ್ಟ ಪುಟ್ಟ ಚಿತ್ರಗಳ ಸಾಲು ಕಾಣುತ್ತದೆ. ಒಂದು ಈಥರ್ನೆಟ್, ಒಂದು ವೈಫೈ. ಇವೆರಡೂ ಕೈಯಿಂದ ಮುಟ್ಟಬಹುದಾದ ವಸ್ತುಗಳು. ಅವಕ್ಕೆ ಕಾರ್ಖಾನೆಯಲ್ಲೇ ಕೊಟ್ಟ 48 ಬಿಟ್‌ಗಳ ಮ್ಯಾಕ್ ವಿಳಾಸ ಇರುತ್ತದೆ, ತಂತಿಯೋ ಆಂಟೆನಾವೋ ಇರುತ್ತದೆ. ವಿಪಿಎನ್ ತಂತ್ರಾಂಶ ಹಾಕಿದ ಮೇಲೆ ಅದೇ ಸಾಲಿನಲ್ಲಿ ಮೂರನೆಯದೊಂದು ಚಿತ್ರ ಬರುತ್ತದೆ. ಅದಕ್ಕೆ ತಂತಿಯೂ ಇಲ್ಲ, ಆಂಟೆನಾವೂ ಇಲ್ಲ. ಅದು ವರ್ಚುವಲ್ ಅಡಾಪ್ಟರ್.

ಆಪರೇಟಿಂಗ್ ಸಿಸ್ಟಮಿಗೆ ಅದೂ ಒಂದು ಅಡಾಪ್ಟರೇ. ವೈಫೈಗೆ ಪ್ಯಾಕೆಟ್ ಕೊಟ್ಟಂತೆ ಅದಕ್ಕೂ ಕೊಡುತ್ತದೆ. ವ್ಯತ್ಯಾಸ ಹಿಂಬದಿಯಲ್ಲಿದೆ. ವೈಫೈಗೆ ಕೊಟ್ಟದ್ದು ಗಾಳಿಗೆ ಹೋಗುತ್ತದೆ. ವರ್ಚುವಲ್ ಅಡಾಪ್ಟರಿಗೆ ಕೊಟ್ಟದ್ದು ವಿಪಿಎನ್ ತಂತ್ರಾಂಶದ ಕೈಸೇರುತ್ತದೆ. ಅದು ಇಡೀ ಪ್ಯಾಕೆಟ್ಟನ್ನು, ಒಳಗಿನ ವಿಳಾಸದ ಸಮೇತ, ಎನ್‌ಕ್ರಿಪ್ಟ್ ಮಾಡಿ, ಹೊಸ ವಿಳಾಸ ಅಂಟಿಸಿ, ಮತ್ತೆ ಅದೇ ವೈಫೈಗೆ ಕೊಡುತ್ತದೆ. ಅಂದರೆ ಒಂದು ಪ್ಯಾಕೆಟ್ ನಿಮ್ಮ ಕಂಪ್ಯೂಟರಿನಲ್ಲಿ ಎರಡು ಸಲ ಅಡಾಪ್ಟರ್ ದಾಟುತ್ತದೆ. ಮೊದಲ ಸಲ ಬರಿಯಾಗಿ, ಎರಡನೆಯ ಸಲ ಮುಚ್ಚಿದ ಪೆಟ್ಟಿಗೆಯಾಗಿ. ಇದೊಂದು ಮನಸ್ಸಿಗೆ ಕೂತರೆ ಉಳಿದದ್ದೆಲ್ಲ ಸುಲಭ.

ಇಂಥ ಅಡಾಪ್ಟರುಗಳಲ್ಲಿ ಟನ್ ಮತ್ತು ಟ್ಯಾಪ್ ಎಂದು ಎರಡು ಬಗೆ. ಟನ್ ಐಪಿ ಪ್ಯಾಕೆಟ್ (ಇಂಟರ್ನೆಟ್ ವಿಳಾಸ ಹೊತ್ತದ್ದು) ಮಾತ್ರ ಸಾಗಿಸುತ್ತದೆ. ಟ್ಯಾಪ್ ಇಡೀ ಈಥರ್ನೆಟ್ ಫ್ರೇಮನ್ನೇ, ಮ್ಯಾಕ್ ವಿಳಾಸ ಸಮೇತ, ಸಾಗಿಸುತ್ತದೆ. ಅಂಗಡಿ, ಮನೆ, ಶಾಲೆಗಳಿಗೆ ಟನ್ ಸಾಕು. ಟ್ಯಾಪ್ ಬೇಕೇಬೇಕು ಎಂದು ಯಾರಾದರೂ ಹೇಳಿದರೆ ಏಕೆ ಎಂದು ಎರಡು ಸಲ ಕೇಳಿ.

ಸುರಂಗ ಎಂಬ ಮಾತಿನ ಬಗ್ಗೆಯೂ ಒಂದು ಎಚ್ಚರಿಕೆ. ನಮ್ಮೂರವರಿಗೆ ಸುರಂಗ ಎಂದರೆ ತೊರವಿ ಕಡೆಯ ಸುರಂಗ ಬಾವಿ ಕಣ್ಣಮುಂದೆ ಬರುತ್ತದೆ. ಆದಿಲ್‌ಶಾಹಿಗಳ ಕಾಲದಲ್ಲಿ ನೆಲದಡಿ ಕೊರೆದು ಊರಿಗೆ ನೀರು ತಂದ ದಾರಿ ಅದು, ನಿಜವಾಗಿಯೂ ಬೇರೆ ದಾರಿ. ವಿಪಿಎನ್ ಸುರಂಗಕ್ಕಾಗಿ ಯಾರೂ ಏನನ್ನೂ ಕೊರೆಯುವುದಿಲ್ಲ. ಎಲ್ಲರೂ ಓಡಾಡುವ ಅದೇ ರಸ್ತೆ, ಅದೇ ಲಾರಿ. ಕಾಕಾರಿಗೆ ನಾನು ಹೇಳಿದ್ದು ಬಿಲ್ಟಿಯ ಲೆಕ್ಕದಲ್ಲಿ. ಮಣೂಕದ ಬಾಕ್ಸುಗಳನ್ನು ಲಾರಿಗೆ ಹಾಕುವಾಗ ಟ್ರಾನ್ಸ್‌ಪೋರ್ಟಿನವರು ಬಿಲ್ಟಿ ಬರೆಯುತ್ತಾರೆ. ಎಲ್ಲಿಂದ, ಎಲ್ಲಿಗೆ, ಎಷ್ಟು ತೂಕ, ಇದು ದಾರಿಯಲ್ಲಿ ಯಾರಿಗಾದರೂ ಕಾಣುತ್ತದೆ. ಬಾಕ್ಸಿನ ಒಳಗೆ ಯಾವ ದರ್ಜೆಯ ಮಾಲು, ಯಾವ ರೈತನದು, ಅದು ಕಾಣುವುದಿಲ್ಲ. ಎನ್‌ಕ್ರಿಪ್ಟ್ ಆದ ಪ್ಯಾಕೆಟ್ಟೂ ಹಾಗೆಯೇ. ನೀವು ಯಾವ ಸರ್ವರಿಗೆ ಸುರಂಗ ಹಾಕಿದ್ದೀರಿ, ಎಷ್ಟು ಹೊತ್ತಿಗೆ, ಎಷ್ಟು ದತ್ತಾಂಶ ಹೋಯಿತು ಎಂಬುದು ಇಂಟರ್ನೆಟ್ ಕೊಡುವವರಿಗೆ ಕಾಣುತ್ತದೆ. ಒಳಗೇನಿದೆ ಎಂಬುದು ಕಾಣದು.

"ವೈಫೈಗೆ ಪಾಸ್‌ವರ್ಡ್ ಅದ ಅಲ್ಲ, ಮತ್ಯಾಕ ಇದು?" ಎಂದು ಕಾಕಾ ಕೇಳಿದ್ದರು. ವೈಫೈ ಪಾಸ್‌ವರ್ಡಿನ ಎನ್‌ಕ್ರಿಪ್ಷನ್ ನಿಮ್ಮ ಲ್ಯಾಪ್‌ಟಾಪಿನಿಂದ ಮನೆಯ ರೌಟರ್‌ವರೆಗೆ ಮಾತ್ರ. ರೌಟರ್ ದಾಟಿದ ಮೇಲೆ ಅದು ಮುಗಿಯಿತು. ಬ್ಯಾಂಕಿನ ಜಾಲತಾಣಕ್ಕೆ ಎಚ್‌ಟಿಟಿಪಿಎಸ್ ಎಂಬ ಎನ್‌ಕ್ರಿಪ್ಷನ್ ಕಾವಲು ಇರುತ್ತದೆ, ಅದು ಒಳ್ಳೆಯದೇ. ಆದರೆ ಅಂಗಡಿಯ ಫೈಲ್ ಹಂಚಿಕೆ, ಪ್ರಿಂಟರ್, ಹಳೆಯ ಬಿಲ್ಲಿಂಗ್ ಪ್ರೋಗ್ರಾಮು ಇವೆಲ್ಲ ಒಳಮನೆಯ ವ್ಯವಹಾರಕ್ಕೆಂದು ಮಾಡಿದವು. ಅವನ್ನು ಬೀದಿಗೆ ತರಬೇಕಾದರೆ ಮೈಮುಚ್ಚುವ ಬಟ್ಟೆ ಬೇಕು.

ಯಾವ ಸುರಂಗ

ಐಪಿಸೆಕ್, ಓಪನ್‌ವಿಪಿಎನ್, ವೈರ್‌ಗಾರ್ಡ್. ಸಾಮಾನ್ಯವಾಗಿ ಕೇಳಿಬರುವ ಹೆಸರುಗಳು ಈ ಮೂರು. ಐಪಿಸೆಕ್ ಹಳೆಯದು, ದೊಡ್ಡ ಕಚೇರಿಗಳ ರೌಟರುಗಳಲ್ಲಿ ಬೇರೂರಿದೆ. ಯುಡಿಪಿ (ಪ್ಯಾಕೆಟ್ ಕಳಿಸುವ ಒಂದು ಸರಳ ಪದ್ಧತಿ) 500 ಮತ್ತು 4500ನೇ ಪೋರ್ಟುಗಳು ಅದರ ಬಾಗಿಲು. ಓಪನ್‌ವಿಪಿಎನ್ 2001ರಲ್ಲಿ ಬಂತು, ರೂಢಿಯ ಪೋರ್ಟ್ 1194. ವೈರ್‌ಗಾರ್ಡ್ ಇವುಗಳಲ್ಲಿ ಕಿರಿಯದು. ಜೇಸನ್ ಡೋನೆನ್‌ಫೆಲ್ಡ್ ಬರೆದದ್ದು. 2020ರ ಮಾರ್ಚಿನಲ್ಲಿ ಬಿಡುಗಡೆಯಾದ ಲಿನಕ್ಸ್ ಕರ್ನಲ್ 5.6ರಲ್ಲಿ ಸೇರಿತು. ರೂಢಿಯ ಪೋರ್ಟ್ ಯುಡಿಪಿ 51820.

ಸಣ್ಣ ವ್ಯವಹಾರಕ್ಕೆ ನಾನು ವೈರ್‌ಗಾರ್ಡನ್ನೇ ಹೇಳುತ್ತೇನೆ. ಐಪಿಸೆಕ್‌ನಲ್ಲಿ ಯಾವ ಬೀಗ, ಎಷ್ಟು ಉದ್ದದ ಕೀಲಿ ಎಂದು ಎರಡೂ ಬದಿಯವರು ಒಪ್ಪಬೇಕಾದ ಪಟ್ಟಿಯೇ ದೊಡ್ಡದು, ಒಂದು ಸಾಲು ತಪ್ಪಿದರೆ ಸಂಜೆಯೆಲ್ಲ ಅದರಲ್ಲೇ ಹೋಗುತ್ತದೆ. ವೈರ್‌ಗಾರ್ಡಿನಲ್ಲಿ ಆ ಆಯ್ಕೆಯೇ ಇಲ್ಲ. ಕೀಲಿ ಒಪ್ಪಂದಕ್ಕೆ ಕರ್ವ್25519, ಎನ್‌ಕ್ರಿಪ್ಷನ್‌ಗೆ ಚಾಚಾ20-ಪಾಲಿ1305 ಎಂದು ನಿಗದಿಯಾಗಿದೆ. ಚಾಚಾ20ಕ್ಕೆ ವಿಶೇಷ ಚಿಪ್ ಬೇಕಿಲ್ಲ, ಹಾಗಾಗಿ ಅಂಗಡಿಯ ಹಳೆಯ ಕಂಪ್ಯೂಟರೂ ಏದುಸಿರು ಬಿಡುವುದಿಲ್ಲ.

ಹಣ ಕೊಟ್ಟು ಕೊಳ್ಳುವ ವಿಪಿಎನ್ ಸೇವೆಗಳು ಬೇರೆ, ನಾನು ಹೇಳುತ್ತಿರುವ ಸ್ವಂತ ಸುರಂಗ ಬೇರೆ. ಮೊದಲನೆಯದರಲ್ಲಿ ನಿಮ್ಮ ಸಂಚಾರವೆಲ್ಲ ಆ ಕಂಪನಿಯ ಸರ್ವರಿನಲ್ಲಿ ಬಿಚ್ಚಿಕೊಂಡು ಹೊರಗೆ ಹೋಗುತ್ತದೆ. ಅಂಥ ಸೇವೆಗಳು ಗ್ರಾಹಕರ ಹೆಸರು, ವಿಳಾಸ ಮುಂತಾದ ವಿವರಗಳನ್ನು 5 ವರ್ಷ ಇಟ್ಟುಕೊಳ್ಳಬೇಕು ಎಂದು ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿತು. ಸಂಸ್ಥೆಯೊಂದು ತನ್ನದೇ ಕೆಲಸಕ್ಕೆ ನಡೆಸುವ ವಿಪಿಎನ್‌ಗೆ ಇದು ಅನ್ವಯಿಸುವುದಿಲ್ಲ ಎಂದು ಆಮೇಲೆ ಸ್ಪಷ್ಟಪಡಿಸಿತು.

ಕಾಕಾರ ಅಂಗಡಿಗೆ ಇನ್ನೊಂದು ತೊಡಕಿತ್ತು. ಹೊಸ ಫೈಬರ್ ಹಾಕಿಸಿದ ಮೇಲೆ ರೌಟರಿನ ಹೊರಮುಖದ ವಿಳಾಸ 100.64ರಿಂದ ಶುರುವಾಗುತ್ತಿತ್ತು. 100.64.0.0ರಿಂದ 100.127.255.255ರವರೆಗಿನ ವಿಳಾಸಗಳು ಇಂಟರ್ನೆಟ್ ಕಂಪನಿಗಳು ಅನೇಕ ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸಲು ಬಳಸುವಂಥವು. ಅಲ್ಲಿಂದ ಹೊರಗೆ ಕರೆ ಹೋಗುತ್ತದೆ, ಹೊರಗಿನವರು ಒಳಗೆ ಕರೆ ಮಾಡಲಾರರು. ವಿಳಾಸ ಹಂಚಿಕೊಂಡ ವಠಾರದಲ್ಲಿ ಯಾರ ಮನೆಯ ಬಾಗಿಲು ತಟ್ಟಬೇಕೆಂದು ಅಂಚೆಯವನಿಗೆ ತಿಳಿಯದ ಹಾಗೆ. ಪರಿಹಾರ ಎರಡು. ಸ್ಥಿರ ಸಾರ್ವಜನಿಕ ಐಪಿಯನ್ನು ಹಣ ಕೊಟ್ಟು ಪಡೆಯುವುದು, ಇಲ್ಲವೇ ಎಲ್ಲೋ ಒಂದು ಸಣ್ಣ ಬಾಡಿಗೆ ಸರ್ವರ್ ತೆಗೆದುಕೊಂಡು ಅಂಗಡಿಯೂ ಲ್ಯಾಪ್‌ಟಾಪೂ ಅದಕ್ಕೇ ಕರೆ ಮಾಡುವಂತೆ ಹೊಂದಿಸುವುದು. ನಾವು ಎರಡನೆಯದನ್ನು ಮಾಡಿದೆವು. ಅಂಗಡಿಯ ಕಡೆಯ ಸಂಪರ್ಕ ಸುಮ್ಮನಿದ್ದಾಗ ಮುಚ್ಚಿಹೋಗದಂತೆ ಪರ್ಸಿಸ್ಟೆಂಟ್ ಕೀಪ್‌ಅಲೈವ್ ಎಂಬಲ್ಲಿ 25 ಎಂದು ಬರೆದೆವು. 25 ಸೆಕೆಂಡಿಗೊಮ್ಮೆ ಒಂದು ಪುಟ್ಟ ಪ್ಯಾಕೆಟ್ ಹೋಗಿ ಬಾಗಿಲನ್ನು ತೆರೆದಿಡುತ್ತದೆ.

ಕೀಲಿ

ಇಲ್ಲಿ ನನಗೆ ಸಿಟ್ಟು ಬಂದ ಸಂಗತಿಯನ್ನು ಹೇಳಲೇಬೇಕು. ವೈರ್‌ಗಾರ್ಡಿನಲ್ಲಿ ಪ್ರತಿ ಯಂತ್ರಕ್ಕೂ ಎರಡು ಕೀಲಿ. ಒಂದು ಖಾಸಗಿ, ಒಂದು ಸಾರ್ವಜನಿಕ. ಎರಡೂ ನೋಡಲು ಒಂದೇ ತರಹ, 44 ಅಕ್ಷರಗಳ ಸಾಲು, ಕೊನೆಯಲ್ಲೊಂದು ಸಮ ಚಿಹ್ನೆ. ಸಾರ್ವಜನಿಕ ಕೀಲಿಯನ್ನು ಯಾರಿಗಾದರೂ ಕೊಡಿ, ಚಿಂತೆ ಇಲ್ಲ. ಖಾಸಗಿ ಕೀಲಿ ಹುಟ್ಟಿದ ಯಂತ್ರ ಬಿಟ್ಟು ಹೊರಗೆ ಹೋಗಕೂಡದು. ಆದರೆ ಕಾಕಾರ ಅಂಗಡಿಯ ಅಕೌಂಟೆಂಟ್ ಹುಡುಗ ಲ್ಯಾಪ್‌ಟಾಪಿನ ಇಡೀ ಸೆಟ್ಟಿಂಗ್ ಫೈಲನ್ನು, ಖಾಸಗಿ ಕೀಲಿ ಸಮೇತ, ವಾಟ್ಸಾಪ್ ಗುಂಪಿಗೆ ಹಾಕಿದ್ದ. ಆ ಗುಂಪಿನಲ್ಲಿ ಹದಿನೇಳು ಜನ. ಅವನ ತಪ್ಪು ಎನ್ನಲಾರೆ, ಅವನಿಗೆ ಯಾರೂ ಹೇಳಿರಲಿಲ್ಲ. ಆ ಕೀಲಿಯನ್ನು ಸರ್ವರಿನಿಂದ ತೆಗೆದುಹಾಕಿ ಹೊಸ ಜೋಡಿ ಮಾಡಿಸಿದೆ. ಕಂಪ್ಯೂಟರಿನ ವೈರ್‌ಗಾರ್ಡಿನಲ್ಲಿ ಖಾಲಿ ಸುರಂಗ ಸೇರಿಸು ಎಂದರೆ ಸಾಕು, ಕೀಲಿಜೋಡಿ ಅಲ್ಲೇ ತಯಾರಾಗುತ್ತದೆ. ಅದರಲ್ಲಿ ಸಾರ್ವಜನಿಕ ಕೀಲಿಯನ್ನಷ್ಟೇ ನಕಲು ಮಾಡಿ ಕಳಿಸಬೇಕು. ಫೋನಿಗೊಂದು, ಲ್ಯಾಪ್‌ಟಾಪಿಗೊಂದು ಬೇರೆ ಬೇರೆ ಜೋಡಿ ಇರಲಿ. ನಾಳೆ ಫೋನ್ ಕಳೆದರೆ ಅದೊಂದನ್ನೇ ಅಳಿಸಿದರೆ ಆಯಿತು.

ದಾರಿಯ ಕಥೆ

ಆ ರಾತ್ರಿ ಮನೆಗೆ ಹೋದೆ. ಕಾಕೂ ಚಹಾ ಇಟ್ಟರು. ಲ್ಯಾಪ್‌ಟಾಪಿನಲ್ಲಿ ವೈರ್‌ಗಾರ್ಡ್ ಹಸಿರಾಗಿಯೇ ಇತ್ತು, ಆಕ್ಟಿವ್ ಎಂದಿತ್ತು. ರಿಮೋಟ್ ಡೆಸ್ಕ್‌ಟಾಪಿನಲ್ಲಿ ಅಂಗಡಿಯ ಕಂಪ್ಯೂಟರಿನ ವಿಳಾಸ 192.168.1.10 ಎಂದು ಬರೆದಿದ್ದರು. ಪಿಂಗ್ ಮಾಡಿದರೆ, ಅಂದರೆ ಇದ್ದೀಯಾ ಎಂದು ಪುಟ್ಟ ಪ್ಯಾಕೆಟ್ ಕಳಿಸಿ ಕೇಳಿದರೆ, ಉತ್ತರ ಬರುತ್ತಿತ್ತು! ಒಂದೆರಡು ಮಿಲಿಸೆಕೆಂಡಿನಲ್ಲೇ. ಬಾಡಿಗೆ ಸರ್ವರಿಗೆ ಹೋಗಿ ಎಪಿಎಂಸಿಗೆ ಬಂದು ಹಿಂದಿರುಗಲು ಅಷ್ಟು ಕಡಿಮೆ ಸಮಯ ಸಾಲದು. ಅಲ್ಲೇ ನನಗೆ ಅನುಮಾನ ಬಂತು. ಮನೆಯ ರೌಟರ್ ತೆರೆದು ನೋಡಿದರೆ 192.168.1.10 ಎಂದರೆ ಹಾಲ್‌ನಲ್ಲಿದ್ದ ಟಿವಿ. ಟ್ಯಾಲಿ ತೆರೆಯಿರಿ ಎಂದು ನಾವು ಟಿವಿಗೆ ಹೇಳುತ್ತಿದ್ದೆವು.

ಇದು ಅತಿ ಸಾಮಾನ್ಯ ದೋಷ. ಮನೆ, ಅಂಗಡಿ ಎರಡೂ ಕಡೆ ರೌಟರ್ ಪೆಟ್ಟಿಗೆಯಿಂದ ಬಂದ ಹಾಗೆಯೇ ಇರುತ್ತದೆ, ಎರಡೂ ಕಡೆ 192.168.1 ಸಾಲಿನ ವಿಳಾಸಗಳು. ಖಾಸಗಿ ಬಳಕೆಗೆಂದು ಮೀಸಲಿಟ್ಟ ವಿಳಾಸಗಳು ಮೂರು ಗುಂಪು: 10ರಿಂದ ಶುರುವಾಗುವವೆಲ್ಲ, 172.16ರಿಂದ 172.31ರವರೆಗೆ, ಮತ್ತು 192.168. ಜಗತ್ತಿನ ಬಹುತೇಕ ಮನೆಗಳು ಇವನ್ನೇ ಬಳಸುತ್ತವೆ. ಒಂದು ಊರಿನ ಗಾಂಧಿ ಚೌಕಕ್ಕೂ ಇನ್ನೊಂದು ಊರಿನ ಗಾಂಧಿ ಚೌಕಕ್ಕೂ ಸಂಬಂಧ ಇಲ್ಲದಂತೆ ಅವು ಬೇರೆ ಬೇರೆ ಇದ್ದಷ್ಟು ಕಾಲ ತೊಂದರೆ ಇಲ್ಲ. ಸುರಂಗ ಎರಡೂ ಊರನ್ನು ಒಂದು ಮಾಡಿದ ಕ್ಷಣ ಯಾವ ಗಾಂಧಿ ಚೌಕ ಎಂಬ ಗೊಂದಲ ಶುರು.

ಆಗ ಕಂಪ್ಯೂಟರ್ ತೀರ್ಮಾನಿಸುವುದು ಹೇಗೆ? ಅದರ ಬಳಿ ರೂಟಿಂಗ್ ಪಟ್ಟಿ ಇರುತ್ತದೆ. ಕಮಾಂಡ್ ಪ್ರಾಂಪ್ಟಿನಲ್ಲಿ ರೂಟ್ ಪ್ರಿಂಟ್ ಎಂದು ಹೊಡೆದರೆ ಕಾಣುತ್ತದೆ. ಇಂಥ ವಿಳಾಸಗಳಿಗೆ ಹೋಗುವುದನ್ನು ಇಂಥ ಅಡಾಪ್ಟರಿಗೆ ಕೊಡು ಎಂಬ ಸಾಲುಗಳು. ಒಂದೇ ವಿಳಾಸಕ್ಕೆ ಎರಡು ಸಾಲು ಹೊಂದಿದರೆ, ಯಾವ ಸಾಲು ಹೆಚ್ಚು ನಿಖರವೋ ಅದಕ್ಕೆ ಗೆಲುವು. ಅಂಚೆಯ ಪಿನ್‌ಕೋಡ್ ನೆನಪಿಸಿಕೊಳ್ಳಿ. ವಿಂಗಡಿಸುವವರ ಮುಂದೆ 5ರಿಂದ ಶುರುವಾಗುವ ಎಲ್ಲದಕ್ಕೂ ಒಂದು ಚೀಲ, 586ಕ್ಕೆ ಒಂದು ಚೀಲ, 586101ಕ್ಕೇ ಒಂದು ಚೀಲ ಇದೆ ಎನ್ನೋಣ. 586101 ಬರೆದ ಕಾಗದ ಮೂರಕ್ಕೂ ಹೊಂದುತ್ತದೆ, ಆದರೆ ಬೀಳುವುದು ಕೊನೆಯ ಚೀಲಕ್ಕೆ. ವಿಳಾಸದ ಕೊನೆಯಲ್ಲಿ /24, /32 ಎಂದು ಬರೆಯುವುದು ಎಷ್ಟು ಬಿಟ್‌ಗಳವರೆಗೆ ನಿಖರ ಎಂಬುದನ್ನೇ. ಸಂಖ್ಯೆ ದೊಡ್ಡದಾದಷ್ಟೂ ನಿಖರ. ಎರಡು ಸಾಲುಗಳೂ ಅಷ್ಟೇ ನಿಖರವಾಗಿದ್ದರೆ ಮಾತ್ರ ಮೆಟ್ರಿಕ್ ಎಂಬ ಸಂಖ್ಯೆ ನೋಡುತ್ತದೆ, ಚಿಕ್ಕ ಮೆಟ್ರಿಕ್ಕಿಗೆ ಗೆಲುವು. ಕಾಕಾರ ಲ್ಯಾಪ್‌ಟಾಪಿನಲ್ಲಿ 192.168.1.0/24 ವೈಫೈಗೂ ಇತ್ತು, ಸುರಂಗಕ್ಕೂ ಇತ್ತು. ಮೆಟ್ರಿಕ್ಕಿನಲ್ಲಿ ವೈಫೈ ಗೆದ್ದಿತ್ತು.

ಪರಿಹಾರಕ್ಕೆ ನಾನು ಸುರಂಗಕ್ಕೆಂದು ಯಾರೂ ಬಳಸದಂಥ ಸಾಲನ್ನೇ ಆರಿಸಿಕೊಳ್ಳುತ್ತೇನೆ. ಮರೆಯಬಾರದೆಂದು ಪಿನ್‌ಕೋಡಿನಿಂದಲೇ ತೆಗೆದೆ: 10.86.101. ಸರ್ವರ್ 10.86.101.1, ಅಂಗಡಿ ಕಂಪ್ಯೂಟರ್ 10.86.101.2, ಲ್ಯಾಪ್‌ಟಾಪ್ 10.86.101.3. ರಿಮೋಟ್ ಡೆಸ್ಕ್‌ಟಾಪಿನಲ್ಲಿ 192.168.1.10 ಅಳಿಸಿ 10.86.101.2 ಎಂದು ಬರೆದೆ, ಸುರಂಗದ ಪಟ್ಟಿಯಿಂದಲೂ 192.168.1 ತೆಗೆದೆ. ಟ್ಯಾಲಿ ತೆರೆಯಿತು. ಅಂಗಡಿಯ ಪ್ರಿಂಟರ್, ಕ್ಯಾಮೆರಾ ಎಲ್ಲವೂ ಸುರಂಗದೊಳಗಿನಿಂದ ಬೇಕು ಎನ್ನುವವರು ಅಂಗಡಿಯ ರೌಟರಿನ ವಿಳಾಸದ ಸಾಲನ್ನೇ ಬದಲಿಸಬೇಕು. ಅರ್ಧ ಗಂಟೆಯ ಕೆಲಸ, ಮುಂದಿನ ಎಷ್ಟೋ ರಾತ್ರಿಗಳ ನಿದ್ದೆ ಉಳಿಯುತ್ತದೆ.

ವೈರ್‌ಗಾರ್ಡಿನಲ್ಲಿ ಈ ದಾರಿಗಳನ್ನು ಬರೆಯುವ ಜಾಗಕ್ಕೆ ಅಲೌಡ್ ಐಪೀಸ್ ಎಂದು ಹೆಸರು. ಅದರ ಸಾಲು ಎರಡು ಕೆಲಸ ಮಾಡುತ್ತದೆ. ಹೊರಗೆ ಹೋಗುವಾಗ, ಈ ವಿಳಾಸಗಳಿಗೆ ಹೋಗುವುದನ್ನು ಈ ಕೀಲಿಯವನಿಗೆ ಕಳಿಸು ಎನ್ನುತ್ತದೆ. ಒಳಗೆ ಬರುವಾಗ, ಈ ಕೀಲಿಯವನಿಂದ ಬಂದದ್ದರಲ್ಲಿ ಈ ವಿಳಾಸಗಳ ಹೆಸರು ಹೊತ್ತದ್ದನ್ನು ಮಾತ್ರ ಒಪ್ಪು ಎನ್ನುತ್ತದೆ. ಸರ್ವರಿನ ಕಡೆ ಇದನ್ನು ಬಿಗಿಯಾಗಿ ಬರೆಯಬೇಕು. ಅಂಗಡಿಗೆ 10.86.101.2/32, ಲ್ಯಾಪ್‌ಟಾಪಿಗೆ 10.86.101.3/32. ಸೋಮಾರಿತನದಿಂದ ಇಬ್ಬರಿಗೂ 10.86.101.0/24 ಎಂದು ಬರೆದರೆ ಒಂದೇ ಸಾಲು ಇಬ್ಬರ ಹೆಸರಿನಲ್ಲಿ ಇರಲಾಗದು, ಕೊನೆಗೆ ಬರೆದವನ ಪಾಲಾಗುತ್ತದೆ. ಮೊದಲನೆಯವನ ಸುರಂಗ ನಿಂತುಹೋಗುತ್ತದೆ, ಯಾಕೆಂದು ಯಾರಿಗೂ ಹೊಳೆಯುವುದಿಲ್ಲ. "ನಿನ್ನೆ ಹೊಸ ಫೋನ್ ಸೇರಿಸಿದೆವು, ಇವತ್ತು ಅಂಗಡಿ ಸಿಗುತ್ತಿಲ್ಲ" ಎಂದು ಯಾರಾದರೂ ಹೇಳಿದರೆ ನಾನು ಮೊದಲು ನೋಡುವುದು ಇದನ್ನೇ. ಒಂದು ಯಂತ್ರದ ಪ್ಯಾಕೆಟ್ಟನ್ನು ಇನ್ನೊಂದಕ್ಕೆ ದಾಟಿಸಲು ಸರ್ವರಿನಲ್ಲಿ ಐಪಿ ಫಾರ್ವರ್ಡಿಂಗ್ ಚಾಲೂ ಇರಬೇಕು ಎಂಬುದೂ ನೆನಪಿರಲಿ.

ಇದುವರೆಗೆ ಹೇಳಿದ್ದು ಅಂಗಡಿಯ ಸಂಚಾರ ಮಾತ್ರ ಸುರಂಗಕ್ಕೆ, ಉಳಿದದ್ದು ನೇರ ಹೊರಗೆ ಎಂಬ ವ್ಯವಸ್ಥೆ. ಕಾಕಾ ವ್ಯಾಪಾರಕ್ಕೆಂದು ಬೆಳಗಾವಿಗೆ ಹೋಗಿ ಲಾಡ್ಜಿನಲ್ಲಿ ಉಳಿದಾಗ ಬೇರೆಯದೇ ಬೇಕಾಗುತ್ತದೆ. ಅಲ್ಲಿಯ ವೈಫೈ ಯಾರ ಕೈಯಲ್ಲಿದೆಯೋ ಗೊತ್ತಿಲ್ಲ, ಎಲ್ಲವೂ ಸುರಂಗದೊಳಗೇ ಹೋಗಲಿ ಎಂದರೆ 0.0.0.0/0 ಎಂದು ಬರೆಯುತ್ತೇವೆ. ಜಗತ್ತಿನ ಎಲ್ಲ ವಿಳಾಸಗಳೂ ಅದರಲ್ಲಿ ಬಂದವು ಎಂದುಕೊಳ್ಳುತ್ತೇವೆ. ಬಂದದ್ದು ಐಪಿವಿ4 ಎಂಬ ಹಳೆಯ ಬಗೆಯ ವಿಳಾಸಗಳು ಮಾತ್ರ. ನಮ್ಮ ಮೊಬೈಲ್ ಜಾಲಗಳಲ್ಲಿ ಹೊಸ ಬಗೆಯ ಐಪಿವಿ6 ಧಾರಾಳವಾಗಿ ಬಳಕೆಯಲ್ಲಿದೆ. ::/0 ಎಂಬುದನ್ನೂ ಸೇರಿಸದಿದ್ದರೆ ಐಪಿವಿ6 ಪ್ಯಾಕೆಟ್ಟುಗಳು ಸುರಂಗವನ್ನು ಬದಿಗಿಟ್ಟು ನೇರ ಹೊರಡುತ್ತವೆ. ದೀಪ ಹಸಿರು, ಅರ್ಧ ಸಂಚಾರ ಬಯಲಿಗೆ.

ಡಿಎನ್‌ಎಸ್ ಸೋರುವುದೂ ಇದೇ ಬಗೆ. ಹೆಸರನ್ನು ವಿಳಾಸವಾಗಿಸುವ ಪ್ರಶ್ನೆಗಳು ರೂಢಿಯಂತೆ 53ನೇ ಪೋರ್ಟಿನಲ್ಲಿ ಬರಿಮೈಯಲ್ಲಿ ಹೋಗುತ್ತವೆ. ಸುರಂಗದ ಅಡಾಪ್ಟರಿಗೆ ಡಿಎನ್‌ಎಸ್ ವಿಳಾಸ ಕೊಡದಿದ್ದರೆ ಕಂಪ್ಯೂಟರ್ ವೈಫೈ ಕೊಟ್ಟ ಡಿಎನ್‌ಎಸ್ಸನ್ನೇ ಕೇಳುತ್ತದೆ. ಕೊಟ್ಟರೂ ವಿಂಡೋಸ್ 8ರಿಂದೀಚೆಗೆ ಬೇಗ ಉತ್ತರ ಸಿಗಲೆಂದು ಇರುವ ಎಲ್ಲ ಅಡಾಪ್ಟರುಗಳಲ್ಲೂ ಪ್ರಶ್ನೆ ಕೇಳುವ ಅಭ್ಯಾಸ ಇದೆ. ನೀವು ಯಾವ ಬ್ಯಾಂಕಿನ ಪುಟಕ್ಕೆ ಹೋದಿರಿ ಎಂಬುದು ಲಾಡ್ಜಿನ ರೌಟರಿಗೆ ಗೊತ್ತಾಗುತ್ತದೆ. ಹಾಗಾಗಿ ಪೂರ್ತಿ ಸುರಂಗ ಬೇಕಾದಾಗ ವಿಂಡೋಸಿನ ವೈರ್‌ಗಾರ್ಡಿನಲ್ಲಿ ಸುರಂಗದ ಹೊರಗಿನ ಸಂಚಾರ ತಡೆಯುವ ಗುರುತನ್ನು ಹಾಕಿಯೇ ಇಡಿ. /0 ಬರೆದಾಗ ಅದು ತಾನಾಗಿ ಕಾಣಿಸುತ್ತದೆ. ಸುರಂಗ ಹಾಕಿದ ಮೇಲೂ ಬೇರೆ ದಾರಿಯಿಂದ ಯಾವುದೂ ನುಸುಳದಂತೆ ಅದು ಫೈರ್‌ವಾಲಿನಲ್ಲಿ (ಸಂಚಾರವನ್ನು ಬಿಡುವ, ತಡೆಯುವ ಕಾವಲಿನಲ್ಲಿ) ಬಾಗಿಲು ಹಾಕುತ್ತದೆ.

ಪೆಟ್ಟಿಗೆಯ ಗಾತ್ರ

ಒಂದು ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೆ ಕಾಕಾ ಲ್ಯಾಪ್‌ಟಾಪ್ ಹಿಡಿದು ಕೋಲ್ಡ್ ಸ್ಟೋರೇಜಿಗೆ ಹೋದರು. ಅಲ್ಲಿ ಫೈಬರ್ ಇಲ್ಲ, ಫೋನಿನ ಹಾಟ್‌ಸ್ಪಾಟ್. ಸುರಂಗ ಹತ್ತಿತು, ಪಿಂಗ್ ಬಂತು, ರಿಮೋಟ್ ಡೆಸ್ಕ್‌ಟಾಪ್ ಪಾಸ್‌ವರ್ಡೂ ಕೇಳಿತು. ಪಾಸ್‌ವರ್ಡ್ ಕೊಟ್ಟ ಮೇಲೆ ಕಪ್ಪು ಪರದೆ, ಅಷ್ಟೇ. "ಬಾಗಲಾ ತಗಿತಾರ, ಒಳಗ ಬಾ ಅನ್ನಂಗಿಲ್ಲ" ಎಂದರು ಕಾಕಾ. ಸಣ್ಣದು ಹೋಗುತ್ತದೆ, ದೊಡ್ಡದು ಹೋಗುವುದಿಲ್ಲ ಎಂಬ ಲಕ್ಷಣ ಕಂಡರೆ ಎಂಟಿಯು ನೋಡಬೇಕು.

ಒಂದು ಅಡಾಪ್ಟರ್ ಒಂದು ಸಲಕ್ಕೆ ಸಾಗಿಸಬಲ್ಲ ಅತಿ ದೊಡ್ಡ ಪ್ಯಾಕೆಟ್ಟಿನ ಗಾತ್ರ ಎಂಟಿಯು. ಈಥರ್ನೆಟ್ಟಿನಲ್ಲಿ 1500 ಬೈಟ್. ಸುರಂಗದೊಳಗಿನ ಪ್ಯಾಕೆಟ್ಟಿಗೆ ಹೊರಪೆಟ್ಟಿಗೆ ತೊಡಿಸಬೇಕಲ್ಲ, ಅದಕ್ಕೂ ಜಾಗ ಬೇಕು. ವೈರ್‌ಗಾರ್ಡಿನ ಸ್ವಂತ ಹೊದಿಕೆ 32 ಬೈಟ್, ಯುಡಿಪಿಯದು 8, ಹೊರಗಿನ ಐಪಿವಿ4 ತಲೆಪಟ್ಟಿ 20, ಒಟ್ಟು 60. ಹೊರಗೆ ಐಪಿವಿ6 ಇದ್ದರೆ ತಲೆಪಟ್ಟಿಯೇ 40, ಒಟ್ಟು 80. ಅದಕ್ಕೇ ವೈರ್‌ಗಾರ್ಡ್ ಅಡಾಪ್ಟರಿನ ರೂಢಿಯ ಎಂಟಿಯು 1420: 1500ರಲ್ಲಿ 80 ಕಳೆದದ್ದು. ಫೈಬರಿನಲ್ಲಿ ಪಿಪಿಪಿಒಇ ಲಾಗಿನ್ ಇದ್ದರೆ ಅದು 8 ಬೈಟ್ ತಿಂದು 1492 ಉಳಿಸುತ್ತದೆ. ಹೊರಗೆ ಐಪಿವಿ4 ಇದ್ದರೆ 1420 ಆಗಲೂ ಹಿಡಿಸುತ್ತದೆ. ಮೊಬೈಲ್ ಜಾಲದಲ್ಲಿ ಐಪಿವಿ4 ಪ್ಯಾಕೆಟ್ಟನ್ನು ದಾರಿಯಲ್ಲಿ ಐಪಿವಿ6ಕ್ಕೆ ಬದಲಿಸಿದಾಗ ಇನ್ನೂ 20 ಬೈಟ್ ಸೇರಿಕೊಳ್ಳುತ್ತದೆ, ಜಾಲದ ಸ್ವಂತ ಮಿತಿಯೂ ಕಡಿಮೆ ಇರಬಹುದು. ಪೆಟ್ಟಿಗೆ ಬಾಗಿಲಿಗಿಂತ ದೊಡ್ಡದಾಗುತ್ತದೆ. ತುಂಡು ಮಾಡಿ ಕಳಿಸಿದರೆ ದಾರಿಯ ಕೆಲವು ಸಾಧನಗಳು ಆ ತುಂಡುಗಳನ್ನು ಬಿಸಾಡುತ್ತವೆ. ದೊಡ್ಡದಾಯಿತು ಎಂದು ಹಿಂದಕ್ಕೆ ತಿಳಿಸುವ ಐಸಿಎಂಪಿ ಸಂದೇಶವನ್ನೂ ಕೆಲವು ಫೈರ್‌ವಾಲ್‌ಗಳು ನುಂಗುತ್ತವೆ. ಕಳಿಸಿದವನು ಕಾಯುತ್ತಾ ಕೂರುತ್ತಾನೆ.

ಪರೀಕ್ಷೆ ಸುಲಭ. ವಿಂಡೋಸಿನ ಪಿಂಗ್‌ಗೆ ತುಂಡು ಮಾಡಬೇಡ ಎನ್ನುವ ಗುರುತು ಹೈಫನ್ ಎಫ್, ಗಾತ್ರ ಹೇಳುವುದು ಹೈಫನ್ ಎಲ್. ಪಿಂಗ್‌ನ ಸ್ವಂತ ತಲೆಪಟ್ಟಿ 28 ಬೈಟ್. ಹಾಗಾಗಿ 1420ರ ಸುರಂಗದಲ್ಲಿ 1392 ಕೊಟ್ಟು 10.86.101.2ಕ್ಕೆ ಪಿಂಗ್ ಮಾಡಿ, ಉತ್ತರ ಬರದಿದ್ದರೆ ಇಳಿಸುತ್ತಾ ಹೋಗಿ. ಎಲ್ಲಿ ಉತ್ತರ ಬಂತೋ ಅದಕ್ಕೆ 28 ಕೂಡಿಸಿದರೆ ನಿಮ್ಮ ಎಂಟಿಯು. ಕಾಕಾರಿಗೆ ಫೋನಿನಲ್ಲೇ ಇಷ್ಟೆಲ್ಲ ಮಾಡಿಸುವುದು ಬೇಡವೆಂದು ಲ್ಯಾಪ್‌ಟಾಪಿನ ಸುರಂಗದ ಸೆಟ್ಟಿಂಗಿನಲ್ಲಿ 1280 ಬರೆಸಿದೆ, ಅಂಗಡಿಯ ಕಂಪ್ಯೂಟರಿನಲ್ಲೂ ಅದನ್ನೇ ಹಾಕಿದೆ. ಐಪಿವಿ6 ಸಾಗಿಸುವ ಯಾವ ದಾರಿಯೂ ಕನಿಷ್ಠ 1280 ಒಯ್ಯಲೇಬೇಕೆಂಬ ನಿಯಮವಿದೆ, ಅದಕ್ಕಿಂತ ಕೆಳಗೆ ಹೋದರೆ ಸುರಂಗದೊಳಗೆ ಐಪಿವಿ6 ನಡೆಯದು. ವೇಗ ತುಸು ಕಡಿಮೆಯಾಗುತ್ತದೆ, ಗೊತ್ತಾಗುವಷ್ಟಲ್ಲ. ಕಪ್ಪು ಪರದೆ ಹೋಗಿ ಟ್ಯಾಲಿ ಬಂತು.

ವಿಂಡೋಸ್ ಫೈರ್‌ವಾಲಿನ ಬಗ್ಗೆ ಒಂದೇ ಮಾತು. ಹೊಸ ವರ್ಚುವಲ್ ಅಡಾಪ್ಟರ್ ಬಂದಾಗ ವಿಂಡೋಸ್ ಅದನ್ನು ಸಾಮಾನ್ಯವಾಗಿ ಪಬ್ಲಿಕ್ ಎಂದು ಗುರುತು ಹಾಕಿಕೊಳ್ಳುತ್ತದೆ, ಫೈಲ್ ಹಂಚಿಕೆ, ಪಿಂಗ್ ಎಲ್ಲ ಬಂದ್. ಅದಕ್ಕೆಂದು ಫೈರ್‌ವಾಲನ್ನೇ ಪೂರ್ತಿ ಆರಿಸುವವರನ್ನು ಕಂಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. 10.86.101.0/24ರಿಂದ ಬಂದದ್ದಕ್ಕೆ ಬೇಕಾದ ಪೋರ್ಟ್ ಮಾತ್ರ ಬಿಡುವ ಒಂದು ನಿಯಮ ಬರೆದರೆ ಸಾಕು.

ದೀಪ ಏನು ಹೇಳುತ್ತದೆ

ವೈರ್‌ಗಾರ್ಡಿನ ಹಸಿರು ದೀಪ ಹೇಳುವುದು ಅಡಾಪ್ಟರ್ ಎದ್ದಿದೆ ಎಂಬುದನ್ನಷ್ಟೇ. ಕೀಲಿ ತಪ್ಪಿದ್ದರೂ, ಸರ್ವರ್ ಸತ್ತಿದ್ದರೂ ಅದು ಹಸಿರಾಗಿಯೇ ಇರುತ್ತದೆ. ಗುರುತಿಲ್ಲದವರು ತಟ್ಟಿದರೆ ಸರ್ವರ್ ಇಲ್ಲ ಎಂದೂ ಹೇಳುವುದಿಲ್ಲ, ಮೌನವಾಗಿರುತ್ತದೆ. ನೋಡಬೇಕಾದ್ದು ಕೆಳಗಿರುವ ಲೇಟೆಸ್ಟ್ ಹ್ಯಾಂಡ್‌ಶೇಕ್ ಎಂಬ ಸಾಲು. ಸಂಚಾರ ನಡೆಯುತ್ತಿದ್ದಾಗ ಸುಮಾರು ಎರಡು ನಿಮಿಷಕ್ಕೊಮ್ಮೆ ಎರಡೂ ಬದಿ ಹೊಸ ತಾತ್ಕಾಲಿಕ ಕೀಲಿ ಮಾಡಿಕೊಳ್ಳುತ್ತವೆ, ಆ ಹೊತ್ತು ಅಲ್ಲಿ ಕಾಣುತ್ತದೆ. ಆ ಸಾಲೇ ಇಲ್ಲದಿದ್ದರೆ ಅಥವಾ ಒಂದು ಗಂಟೆ ಹಿಂದೆ ಎಂದಿದ್ದರೆ ಸುರಂಗ ಇಲ್ಲವೆಂದೇ ತಿಳಿಯಿರಿ.

ಇದು ಕಾಕಾರಿಗೆ ಈ ಬೇಸಿಗೆಯಲ್ಲಿ ಕೆಲಸಕ್ಕೆ ಬಂತು. ಮಧ್ಯಾಹ್ನವೆಲ್ಲ ಕರೆಂಟ್ ಹೋಗಿತ್ತು, ಅಂಗಡಿಯ ಯುಪಿಎಸ್ ಬ್ಯಾಟರಿಯೂ ಕೂತಿತ್ತು. ಸಂಜೆ ಕಂಪ್ಯೂಟರ್ ಶುರು ಮಾಡಿದರೆ ಹಸಿರು ದೀಪ ಇದೆ, ಮನೆಯಿಂದ ಏನೂ ಸಿಗುತ್ತಿಲ್ಲ. ಈ ಸಲ ಅವರು ನನಗೆ ಫೋನ್ ಮಾಡಿ ದೀಪದ ಮಾತೇ ಎತ್ತಲಿಲ್ಲ. "ತಮ್ಮಾ, ಹ್ಯಾಂಡ್‌ಶೇಕ್ ಸಾಲೇ ಕಾಣವಲ್ದು" ಎಂದರು. ಪರದೆಯ ಮೂಲೆಯಲ್ಲಿ ತಾರೀಕು ಎಷ್ಟಿದೆ ಎಂದು ಕೇಳಿದೆ. ಎಷ್ಟೋ ವರ್ಷ ಹಿಂದಿನ ಜನವರಿ 1. ಹಳೆಯ ಹ್ಯಾಂಡ್‌ಶೇಕ್ ಕದ್ದಿಟ್ಟುಕೊಂಡು ಯಾರಾದರೂ ಮತ್ತೆ ಕಳಿಸಿದರೆ ಮೋಸ ಹೋಗಬಾರದೆಂದು ವೈರ್‌ಗಾರ್ಡ್ ಪ್ರತಿ ಹ್ಯಾಂಡ್‌ಶೇಕಿನಲ್ಲೂ ಹೊತ್ತನ್ನು ಸೇರಿಸುತ್ತದೆ. ಹಿಂದೆ ಒಪ್ಪಿದ್ದಕ್ಕಿಂತ ಹಳೆಯ ಸಮಯ ಹೊತ್ತು ಬಂದದ್ದನ್ನು ಸರ್ವರ್ ಒಪ್ಪುವುದಿಲ್ಲ. ಅಂಗಡಿ ಕಂಪ್ಯೂಟರಿನ ಮದರ್‌ಬೋರ್ಡಿನ ಸೆಲ್ ಸತ್ತು ಗಡಿಯಾರ ಹಿಂದೆ ಓಡಿತ್ತು. ಮರುದಿನ ಬೆಳಿಗ್ಗೆ ಸಿಆರ್ 2032 ಎಂಬ ರೂಪಾಯಿಯಂಥ ಸೆಲ್ ತಂದು ಹಾಕಿ, ತಾರೀಕು ಸರಿಮಾಡಿ, ಸುರಂಗವನ್ನು ಆರಿಸಿ ಹಚ್ಚಿದೆವು. ಕಾಕಾ ಕನ್ನಡಕ ಮೇಲಕ್ಕೇರಿಸಿಕೊಂಡು ಪರದೆಗೆ ಮುಖ ಹತ್ತಿರ ತಂದು ಆ ಸಾಲನ್ನು ಓದಿದರು: 4 ಸೆಕೆಂಡ್ ಹಿಂದೆ.